ಸಣ್ಣ ಕಂಪನಿಗೆ ಒಳ್ಳೆಯ ಹುಡುಗರು ಎಲ್ಲಿ ಸಿಗುತ್ತಾರೆ?

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ನಲವತ್ತು ಐವತ್ತು ಜನರ ಕಾರ್ಖಾನೆ ನಡೆಸುವವರನ್ನು ಮಾತಿಗೆಳೆದು ನೋಡಿ. ಮೊದಲು ಕರೆಂಟಿನ ವಿಷಯ ಬರುತ್ತದೆ, ಆಮೇಲೆ ಜಿಎಸ್‌ಟಿ, ಮೂರನೆಯದು ‘ಜನ ಸಿಗ್ತಿಲ್ಲ ಸಾರ್’. ಅದೇ ಊರಿನ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನಿನಲ್ಲಿ ಕೊನೆಯ ವರ್ಷದ ಹುಡುಗರನ್ನು ಮಾತಾಡಿಸಿದರೆ ‘ಕೆಲಸ ಸಿಗ್ತಿಲ್ಲ ಸಾರ್’ ಅನ್ನುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೊಂದರ ಅಡಿಯಲ್ಲೇ ಇನ್ನೂರಕ್ಕೂ ಹೆಚ್ಚು ಕಾಲೇಜುಗಳಿರುವ ರಾಜ್ಯದಲ್ಲಿ ಈ ಎರಡು ಮಾತೂ ನಿಜ. ಇಬ್ಬರ ನಡುವೆ ನಿಂತಿರುವ ಕ್ಯಾಂಪಸ್ ಪ್ಲೇಸ್‌ಮೆಂಟ್ ಎಂಬ ಏರ್ಪಾಡನ್ನು ಇವರಿಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ.

ಆ ಏರ್ಪಾಡು ನಡೆಯುವ ಕ್ರಮ ಪೋಷಕರಿಗೂ ಈಗ ಬಾಯಿಪಾಠ. ಏಳನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಕಂಪನಿಗಳು ಸಾಲುಗಟ್ಟುತ್ತವೆ. ಹೆಚ್ಚು ಪ್ಯಾಕೇಜ್ ಕೊಡುವವರಿಗೆ ಮೊದಲ ದಿನ, ಅವರಿಗೆ ‘ಡ್ರೀಮ್ ಕಂಪನಿ’ ಎಂಬ ಬಿರುದು ಬೇರೆ. ಆಮೇಲೆ ಒಂದೇ ಏಟಿಗೆ ನೂರಾರು ಜನರನ್ನು ತೆಗೆದುಕೊಳ್ಳುವ ದೊಡ್ಡ ಐಟಿ ಸೇವಾ ಕಂಪನಿಗಳು. ಅವರ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ತೆವಳುತ್ತಿದ್ದರೂ ಹೆಸರಿನ ತೂಕಕ್ಕೇನೂ ಕಡಿಮೆಯಿಲ್ಲ. ಅನೇಕ ಕಾಲೇಜುಗಳಲ್ಲಿ ಒಂದು ಆಫರ್ ಸಿಕ್ಕವರು ಮುಂದಿನ ಸಂದರ್ಶನಗಳಿಗೆ ಕೂರುವ ಹಾಗಿಲ್ಲ. ಇಬ್ಬರೇ ಇಬ್ಬರು ಬೇಕಾಗಿರುವ ಹೈಡ್ರಾಲಿಕ್ಸ್ ಕಂಪನಿಯ ಮಾಲೀಕರು ಪ್ಲೇಸ್‌ಮೆಂಟ್ ಅಧಿಕಾರಿಗೆ ಫೋನ್ ಮಾಡಿದರೆ ಸಿಗುವುದು ‘ಮಾರ್ಚ್ ಆದ್ಮೇಲೆ ನೋಡೋಣ ಸಾರ್’ ಎಂಬ ಉತ್ತರ. ಆ ಅಧಿಕಾರಿಯದೂ ತಪ್ಪಲ್ಲ. ಪ್ರವೇಶದ ಜಾಹೀರಾತಿನಲ್ಲಿ ಅಚ್ಚಾಗುವುದು ಎಷ್ಟು ಜನಕ್ಕೆ ಆಫರ್ ಸಿಕ್ಕಿತು ಎಂಬ ಸಂಖ್ಯೆ ಮತ್ತು ಅತಿ ದೊಡ್ಡ ಪ್ಯಾಕೇಜಿನ ಮೊತ್ತ. ಇಬ್ಬರನ್ನು ತೆಗೆದುಕೊಳ್ಳುವ ಕಂಪನಿ ಎರಡಕ್ಕೂ ಉಪಯೋಗವಿಲ್ಲ.

ಅಂದಮೇಲೆ ಸಣ್ಣ ಕಂಪನಿ ಆ ಸಾಲಿನಲ್ಲಿ ನಿಲ್ಲುವುದೇ ದಂಡ. ದುಡ್ಡು ಕಡಿಮೆಯಿರುವವರು ಬೇರೆ ಬಾಗಿಲು ಹುಡುಕಬೇಕು. ಈ ಮಾತು ಹೇಳಿದ ಕೂಡಲೇ ಸಲಹೆಗಾರರು ಎತ್ತುವ ಕಥೆ ಗೂಗಲ್‌ನದು. 2004ರಲ್ಲಿ ಸಿಲಿಕಾನ್ ಕಣಿವೆಯ 101ನೇ ಹೆದ್ದಾರಿಯ ಪಕ್ಕ ಒಂದು ಫಲಕ ಎದ್ದಿತು. ಕಂಪನಿಯ ಹೆಸರಿಲ್ಲ, ಲಾಂಛನವಿಲ್ಲ. ಗಣಿತದಲ್ಲಿ ‘ಇ’ ಎಂದು ಕರೆಯುವ ಸ್ಥಿರಾಂಕದ ಅಂಕಿಗಳ ಸಾಲಿನಲ್ಲಿ ಮೊದಲು ಸಿಗುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆ, ಅದರ ಮುಂದೆ ‘ಡಾಟ್ ಕಾಮ್’. ಅಷ್ಟೇ ಬರೆದಿತ್ತು. ಆ ಸಂಖ್ಯೆ 7427466391. ಅದನ್ನು ಕಂಡುಹಿಡಿದು ಆ ವಿಳಾಸಕ್ಕೆ ಹೋದವರಿಗೆ ಇನ್ನೊಂದು ಲೆಕ್ಕ, ಅದನ್ನೂ ಬಿಡಿಸಿದವರಿಗೆ ‘ನಿಮ್ಮ ಬಯೋಡೇಟಾ ಕಳಿಸಿ’ ಎಂಬ ಕರೆ. ಹಾರ್ವರ್ಡ್ ಸ್ಕ್ವೇರಿನ ಮೆಟ್ರೊ ನಿಲ್ದಾಣದಲ್ಲೂ ಇಂಥದೇ ಬ್ಯಾನರ್ ತೂಗಿತ್ತು.

ಇದಕ್ಕೂ ಹಿಂದೆ, ಎರಡನೇ ಮಹಾಯುದ್ಧದ ನಡುವೆ, ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಪದಬಂಧ ತೀರಾ ಸುಲಭವಾಯಿತೆಂದು ಓದುಗರು ಗೊಣಗಿದ್ದರು. 1942ರ ಜನವರಿಯಲ್ಲಿ ಪತ್ರಿಕೆಯವರು ತಮ್ಮ ಕಚೇರಿಗೇ ಜನರನ್ನು ಕರೆದು, ಹನ್ನೆರಡು ನಿಮಿಷದೊಳಗೆ ಬಿಡಿಸಿ ನೋಡೋಣ ಎಂದು ಪಂದ್ಯ ಇಟ್ಟರು. ಗೆದ್ದವರಲ್ಲಿ ಕೆಲವರಿಗೆ ಕೆಲವು ವಾರ ಕಳೆದ ಮೇಲೆ ಯುದ್ಧ ಇಲಾಖೆಯಿಂದ ಪತ್ರ ಬಂತು. ಅವರು ಕೊನೆಗೆ ಹೋಗಿ ಕೂತದ್ದು ಜರ್ಮನರ ಗುಪ್ತಲಿಪಿ ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ.

ಕಥೆಗಳು ರುಚಿಯಾಗಿವೆ. ಆದರೆ ಇವೆರಡನ್ನೂ ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ. ಬ್ಲೆಚ್ಲಿಯಲ್ಲಿ ಮಾಡಬೇಕಿದ್ದ ಕೆಲಸವೇ ಹೆಚ್ಚುಕಡಿಮೆ ಪದಬಂಧದ ಜಾತಿಯದು, ಅಲ್ಲಿ ಪರೀಕ್ಷೆಗೂ ಕೆಲಸಕ್ಕೂ ಸಂಬಂಧವಿತ್ತು. ಗೂಗಲ್ ಮಾತ್ರ ಫಲಕದ ಜೊತೆಗೆ ಸಂದರ್ಶನದಲ್ಲೂ ಒಗಟು ಕೇಳುವ ಚಾಳಿ ಬೆಳೆಸಿಕೊಂಡಿತ್ತು. ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ ಎಂಬ ತರಹದ್ದು. ಆ ಪ್ರಶ್ನೆಗಳಿಂದ ಏನೂ ತಿಳಿಯಲಿಲ್ಲ, ಕೇಳುವವರ ಜಂಬಕ್ಕಷ್ಟೇ ಅವು ಒದಗಿದವು ಎಂಬರ್ಥದಲ್ಲಿ ಅಲ್ಲಿನ ಮಾನವ ಸಂಪನ್ಮೂಲ ವಿಭಾಗದ ಅಂದಿನ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ಬಹಿರಂಗವಾಗಿ ಹೇಳಿದರು. ನಮ್ಮಲ್ಲಿನ ಎಷ್ಟೋ ಸಣ್ಣ ಕಂಪನಿಗಳ ಸಂದರ್ಶಕರು ಇವತ್ತಿಗೂ ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಗೂಗಲ್ ಬಿಟ್ಟುಹೋದ ಅಂಗಿಯನ್ನು ಇಲ್ಲಿ ಹಬ್ಬಕ್ಕೆ ತೊಟ್ಟ ಹಾಗೆ.

ಯಾವುದರಿಂದ ತಿಳಿಯುತ್ತದೆ ಎಂಬುದರ ಬಗ್ಗೆ ಅಧ್ಯಯನಗಳಿಗೇನೂ ಬರವಿಲ್ಲ. ಫ್ರಾಂಕ್ ಶ್ಮಿಡ್ಟ್ ಮತ್ತು ಜಾನ್ ಹಂಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದರು. ಮಾಡಬೇಕಾದ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆ ಅವರ ಪಟ್ಟಿಯಲ್ಲಿ ತುತ್ತತುದಿಯಲ್ಲಿತ್ತು. ಎಷ್ಟು ವರ್ಷ ಓದಿದ್ದಾರೆ ಎಂಬುದು ಬುಡದ ಹತ್ತಿರ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಆ ಲೆಕ್ಕವನ್ನು ತಿದ್ದಿ, ಅಂಕಿಗಳನ್ನು ಒಂದಷ್ಟು ಇಳಿಸಿ, ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಗೊತ್ತುಮಾಡಿಕೊಂಡ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಲ್ಲಿ ಅಂಕ ಹಾಕುವ ಸಂದರ್ಶನವನ್ನು ಮೇಲಕ್ಕೆ ತಂದರು. ಸಣ್ಣ ಕಂಪನಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೇ? ಪ್ರಶ್ನೆಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದಕ್ಕೆ ಬೀಳುವ ಖರ್ಚು ಆ ಹಾಳೆಯದು. ಕೆಲಸದ ತುಣುಕು ಮಾಡಿಸಿ ನೋಡುವುದಕ್ಕೂ ಹೋಟೆಲಿನ ಸಭಾಂಗಣ ಬೇಡ.

ಕೆಲಸದ ತುಣುಕನ್ನು ಎಲ್ಲಿ ಮಾಡಿಸುವುದು? ನನ್ನ ಪ್ರಕಾರ ಕರ್ನಾಟಕದಲ್ಲಿ ಇದಕ್ಕೆ ಸಿದ್ಧವಾಗಿಯೇ ಇರುವ ಜಾಗ ಕೊನೆಯ ವರ್ಷದ ಪ್ರಾಜೆಕ್ಟ್. ನಾಲ್ಕು ಜನರ ತಂಡ, ಒಬ್ಬ ಗೈಡ್, ತಿಂಗಳುಗಟ್ಟಲೆ ಸಮಯ, ಕೊನೆಗೆ ವೈವಾ. ಇಷ್ಟು ದೊಡ್ಡ ದುಡಿಮೆಯ ಬಹುಪಾಲು ಯಾರಿಗೂ ಬೇಡದ ವಿಷಯಗಳ ಮೇಲೆ ವ್ಯರ್ಥವಾಗುತ್ತದೆ. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ‘ಪ್ರಾಜೆಕ್ಟ್ ಸಿಗುತ್ತದೆ’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳೇ ಇವೆ. ದುಡ್ಡು ಕೊಟ್ಟರೆ ಯಂತ್ರ, ವರದಿ, ವೈವಾದಲ್ಲಿ ಹೇಳಬೇಕಾದ ಉತ್ತರ ಎಲ್ಲವೂ ಒಂದೇ ಪೊಟ್ಟಣದಲ್ಲಿ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ನಿಜವಾದ ಸಮಸ್ಯೆಯೊಂದನ್ನು ಅವರ ಕೈಗೆ ಕೊಟ್ಟವರು ಯಾರು?

ಸಮಸ್ಯೆಗಳಂತೂ ಕಾರ್ಖಾನೆಗಳ ಮೂಲೆಮೂಲೆಯಲ್ಲಿ ಬಿದ್ದಿವೆ. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಮಳೆಗಾಲ ಬಂದಾಗಲೆಲ್ಲ ಎರಕದೊಳಗೆ ಗಾಳಿಗುಳ್ಳೆ ಹೆಚ್ಚಾಗುತ್ತವೆ ಅಂದುಕೊಳ್ಳಿ, ಮರಳಿನ ತೇವವೇ ಕಾರಣವೋ ಬೇರೇನೋ ಎಂದು ಕೂತು ನೋಡಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ. ಶಿವಮೊಗ್ಗದ ಅಡಿಕೆ ಸುಲಿಯುವ ಯಂತ್ರ ತಯಾರಿಸುವವರಿಗೆ ಬ್ಲೇಡು ಬೇಗ ಸವೆಯುವುದೇ ತಲೆನೋವು. ಸಾಫ್ಟ್‌ವೇರ್ ಮಾಡುವ ಹತ್ತು ಜನರ ಕಂಪನಿಗೆ ಕನ್ನಡದಲ್ಲಿ ಬರೆದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದವುಗಳ ಜೊತೆ ಹೊಂದಿಸುವುದೇ ಕಷ್ಟ. ಇಂಥದ್ದನ್ನು ಒಂದು ಪುಟದಲ್ಲಿ ಬರೆದು, ಹತ್ತಿರದ ಕಾಲೇಜಿನ ಪ್ಲೇಸ್‌ಮೆಂಟ್ ಕಚೇರಿಯನ್ನು ಬಿಟ್ಟು ನೇರವಾಗಿ ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟು ನೋಡಬೇಕು. ತಿಂಗಳಿಗೊಮ್ಮೆ ಕಂಪನಿಯ ಒಬ್ಬರು ಹೋಗಿ ಎರಡು ಗಂಟೆ ತಂಡದ ಜೊತೆ ಕೂರಬೇಕು. ಆರು ತಿಂಗಳು ಮುಗಿಯುವ ಹೊತ್ತಿಗೆ ಆ ನಾಲ್ವರಲ್ಲಿ ಯಾರು ಮಾಡುವವರು, ಯಾರು ಮಾಡಿದಂತೆ ತೋರಿಸುವವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ ಎಂಬುದೆಲ್ಲ ಬಯಲಾಗಿರುತ್ತದೆ. ಯಾವ ಆಪ್ಟಿಟ್ಯೂಡ್ ಟೆಸ್ಟೂ ಇದನ್ನು ಹೇಳುವುದಿಲ್ಲ. ಎದುರುಗಡೆಯಿಂದ ಹುಡುಗರೂ ಕಂಪನಿಯನ್ನು ಅಳೆದು ಮುಗಿಸಿರುತ್ತಾರೆ ಎನ್ನುವುದನ್ನು ಮಾಲೀಕರು ಮರೆಯಬಾರದು.

ಇದಕ್ಕೆ ಸರ್ಕಾರಿ ಆಸರೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದ ಕೊನೆಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಸಣ್ಣ ಮೊತ್ತದ ನೆರವು ಕೊಡುತ್ತ ಬಂದಿದೆ. ಪ್ರತಿವರ್ಷ ಆಯ್ದ ಪ್ರಾಜೆಕ್ಟ್‌ಗಳ ರಾಜ್ಯಮಟ್ಟದ ಪ್ರದರ್ಶನ ಒಂದಲ್ಲ ಒಂದು ಕಾಲೇಜಿನಲ್ಲಿ ನಡೆಯುತ್ತದೆ. ರಾಯಚೂರು, ಬಾಗಲಕೋಟೆ, ಪುತ್ತೂರಿನ ಮಕ್ಕಳು ತಮ್ಮ ಕೈಯಾರೆ ಕಟ್ಟಿದ ಯಂತ್ರದ ಪಕ್ಕ ನಿಂತು ಬಂದವರಿಗೆಲ್ಲ ವಿವರಿಸುವ ಜಾಗ ಅದು. ಸಣ್ಣ ಕಂಪನಿಯ ಮಾಲೀಕರಿಗೆ ಇದಕ್ಕಿಂತ ಅಗ್ಗದ ಉದ್ಯೋಗ ಮೇಳ ಬೇರೆ ಇಲ್ಲ. ಒಬ್ಬೊಬ್ಬರ ಮುಂದೆ ನಿಂತು ‘ಇದು ಯಾಕೆ ಹೀಗೆ ಮಾಡಿದಿರಿ?’ ಎಂದು ಕೇಳಿದರೆ ಸಾಕು, ಅಂಗಡಿಯ ಪ್ರಾಜೆಕ್ಟು ಯಾವುದು ಎನ್ನುವುದು ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಮೆಕ್ಯಾನಿಕಲ್ ಕಡೆಯವರಿಗೆ ಇನ್ನೂ ಒಂದು ಬಾಗಿಲಿದೆ. 2007ರಿಂದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ ನಡೆಯುತ್ತಿದೆ. ಕಾಲೇಜು ತಂಡಗಳು ಗುಡ್ಡಗಾಡಿನಲ್ಲಿ ಓಡುವ ಒಂಟಿ ಸೀಟಿನ ವಾಹನವನ್ನು ತಾವೇ ವಿನ್ಯಾಸ ಮಾಡಿ ಕಟ್ಟಬೇಕು. ಆ ತಂಡಗಳ ಹುಡುಗ ಹುಡುಗಿಯರು ರಾತ್ರಿಯಿಡೀ ವರ್ಕ್‌ಶಾಪಿನಲ್ಲಿ ಬಿದ್ದಿರುತ್ತಾರೆ, ಸೆಮಿಸ್ಟರಿನ ಅಂಕ ಒಂದಷ್ಟು ಕಳೆದುಕೊಂಡಿರುತ್ತಾರೆ, ಸ್ಪಾನ್ಸರ್ ಹುಡುಕಿಕೊಂಡು ಪೀಣ್ಯದ ಬೀದಿಬೀದಿ ಅಲೆದಿರುತ್ತಾರೆ. ಅವರಿಗೆ ದುಡ್ಡು ಕೊಡಲಾಗದಿದ್ದರೆ ಬೇಡ. ಭಾನುವಾರ ಸುಮ್ಮನೆ ನಿಂತಿರುವ ಸಿಎನ್‌ಸಿ ಯಂತ್ರದ ನಾಲ್ಕು ಗಂಟೆ, ಕತ್ತರಿಸಿ ಉಳಿದ ಅಲ್ಯೂಮಿನಿಯಂ ತುಂಡು, ಹಳೇ ಫಿಟ್ಟರ್ ಒಬ್ಬರ ಎರಡು ಬುದ್ಧಿಮಾತು ಕೊಡಬಹುದಲ್ಲ. ಇಷ್ಟಕ್ಕೆ ಪ್ರತಿಯಾಗಿ ಸಿಗುವುದು ರಾಜ್ಯದ ಅತ್ಯಂತ ಹಟಮಾರಿ ಎಂಜಿನಿಯರುಗಳ ಪರಿಚಯ.

ಸಾಫ್ಟ್‌ವೇರಿನವರಿಗೆ ಓಪನ್ ಸೋರ್ಸ್ ಇದೆ. ಗೂಗಲ್ 2005ರಲ್ಲಿ ಶುರುಮಾಡಿದ ಸಮ್ಮರ್ ಆಫ್ ಕೋಡ್ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಕೊಟ್ಟು ಅಂಥ ತಂಡಗಳಲ್ಲಿ ಕೆಲಸ ಮಾಡಿಸುತ್ತದೆ, ಅದರಲ್ಲಿ ಭಾರತದ ವಿದ್ಯಾರ್ಥಿಗಳ ಪಾಲು ದೊಡ್ಡದು. ಅವರು ಬರೆದ ಕೋಡ್, ತಪ್ಪು ತೋರಿಸಿದಾಗ ಅವರು ಕೊಟ್ಟ ಉತ್ತರ, ಎಲ್ಲವೂ ಯಾರು ಬೇಕಾದರೂ ನೋಡುವಂತೆ ಬಿದ್ದಿರುತ್ತದೆ. ಅದನ್ನು ಓದುವ ತಾಳ್ಮೆಯಿದ್ದರೆ ಸಂದರ್ಶನದ ಅರ್ಧ ಕೆಲಸ ಮುಗಿಯಿತು.

ಈಗ ಇಂಟರ್ನ್‌ಶಿಪ್ ವಿಷಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಒಂದು ಹೊಸ ವ್ಯಾಪಾರ ಹುಟ್ಟಿಕೊಂಡಿತು. ವಿದ್ಯಾರ್ಥಿಯಿಂದಲೇ ಐದು ಸಾವಿರವೋ ಎಂಟು ಸಾವಿರವೋ ಪಡೆದು, ನಾಲ್ಕು ವಿಡಿಯೊ ತೋರಿಸಿ, ಪ್ರಮಾಣಪತ್ರ ಕೊಡುವುದು. ಕಡಿಮೆ ಖರ್ಚಿನ ನೇಮಕಾತಿ ಎಂಬ ಹೆಸರಿನಲ್ಲಿ ಕಂಪನಿಯ ಖರ್ಚನ್ನು ವಿದ್ಯಾರ್ಥಿಯ ಅಪ್ಪನ ಜೇಬಿಗೆ ದಾಟಿಸಿದರೆ ಖರ್ಚು ಕಡಿಮೆಯಾದ ಹಾಗಲ್ಲ, ಬೇರೆಯವರ ಲೆಕ್ಕಕ್ಕೆ ಬಿದ್ದ ಹಾಗೆ. ಸಂಬಳವಿಲ್ಲದೆ ಆರು ತಿಂಗಳು ದುಡಿಸಿಕೊಳ್ಳುವ ಸ್ಟಾರ್ಟಪ್ಪುಗಳದೂ ಇದೇ ದಾರಿ. ಅವರಿಗೆ ಸಿಗುವುದು ಬೆಂಗಳೂರಿನಲ್ಲಿ ಸ್ವಂತ ಮನೆಯಿರುವ ಹುಡುಗರು ಮಾತ್ರ. ಪಿಜಿ ಬಾಡಿಗೆ ಕಟ್ಟಿ ಪುಕ್ಕಟೆ ದುಡಿಯಲು ಸಿಂಧನೂರಿನ ಹುಡುಗಿಗೆ ಆಗುವುದಿಲ್ಲ, ಅವಳು ಎಷ್ಟೇ ಜಾಣೆಯಾಗಿರಲಿ.

ವಿಚಿತ್ರವೆಂದರೆ, ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಕೊಡುವ ಯೋಜನೆ ಕೈಯಳತೆಯಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ಗೊತ್ತುಮಾಡಿತು. ನ್ಯಾಟ್ಸ್ ಎಂದು ಕರೆಯುವ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಈ ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರ ಭರಿಸುತ್ತದೆ. ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವವರಿಗೆ ಅದು ಅವರ ಇಷ್ಟ. ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳಲ್ಲಿ ಅಪ್ರೆಂಟಿಸ್ ಆಗಲು ಹುಡುಗರು ಕಾಯುತ್ತಾರೆ. ಅದೇ ಕಾಯ್ದೆ ತನ್ನ ಷೆಡ್ಡಿಗೂ ಅನ್ವಯವಾಗುತ್ತದೆ ಎಂಬುದು ಎಷ್ಟೋ ಸಣ್ಣ ಮಾಲೀಕರ ಲೆಕ್ಕಪರಿಶೋಧಕರಿಗೆ ನೆನಪಾಗುವುದು ನೋಟಿಸ್ ಬಂದಾಗ. ಒಂದು ವರ್ಷ ಪಕ್ಕದಲ್ಲಿಟ್ಟುಕೊಂಡು ನೋಡಿ, ಆಮೇಲೆ ಕೆಲಸ ಕೊಡಬಹುದಾದ ಏರ್ಪಾಡಿದು. ಒಂದು ವರ್ಷದ ಸಂದರ್ಶನ ಎನ್ನಲೂಬಹುದು. ಹಾಗೆಂದು ಅಷ್ಟು ಸ್ಟೈಪೆಂಡಿನಲ್ಲಿ ಬೆಂಗಳೂರಿನಲ್ಲಿ ಬದುಕಬಹುದು ಎಂದು ನಾನು ಹೇಳಲಾರೆ. ಅದು ಕನಿಷ್ಠ, ಮೇಲೆ ಸೇರಿಸಬೇಡಿ ಎಂದು ಯಾವ ನಿಯಮವೂ ಹೇಳಿಲ್ಲ.

ಯಾರನ್ನು ಹುಡುಕಬೇಕು ಎನ್ನುವುದರಲ್ಲೂ ಸಣ್ಣ ಕಂಪನಿಗಳು ದೊಡ್ಡವರ ನಕಲು ಮಾಡುತ್ತವೆ. ಹತ್ತನೆಯದರಲ್ಲಿ ಶೇ 60, ಪಿಯುಸಿಯಲ್ಲಿ ಶೇ 60, ಪದವಿಯಲ್ಲಿ ಶೇ 60, ಬ್ಯಾಕ್‌ಲಾಗ್ ಇರಕೂಡದು. ಇಪ್ಪತ್ತು ಸಾವಿರ ಅರ್ಜಿ ಬಂದವರಿಗೆ ಜರಡಿ ಬೇಕು, ಹಾಗಾಗಿ ಹೀಗೊಂದು ಗೆರೆ ಎಳೆಯುತ್ತಾರೆ. ಇಪ್ಪತ್ತು ಅರ್ಜಿ ಬರುವವರಿಗೆ ಯಾಕೆ ಇದು? ಪಿಯುಸಿಯಲ್ಲಿ ಮಲೇರಿಯಾ ಬಂದು ಶೇ 58ಕ್ಕೆ ಇಳಿದ ಹುಡುಗನನ್ನು ದೊಡ್ಡವರೆಲ್ಲ ಬಿಟ್ಟುಹೋಗಿದ್ದಾರೆ. ಅವನೇ ನಿಮ್ಮ ಪಾಲಿನ ಅದೃಷ್ಟ ಇರಬಹುದು.

ಭಾಷೆಯದೂ ಇದೇ ಕಥೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಸಂದರ್ಶನದ ಮೊದಲ ಐದು ನಿಮಿಷದಲ್ಲಿ ಇಂಗ್ಲಿಷಿಗೆ ಬೆದರಿ ಬಾಯಿ ಕಟ್ಟಿಕೊಳ್ಳುತ್ತಾರೆ. ಗಿಯರ್‌ಬಾಕ್ಸ್ ಹೇಗೆ ಬಿಚ್ಚುತ್ತೀಯಪ್ಪ ಎಂದು ಕನ್ನಡದಲ್ಲಿ ಕೇಳಿ. ಎಲ್ಲಿ ಗ್ರೀಸ್ ಒಣಗಿರುತ್ತದೆ ಎಂಬಲ್ಲಿಗೆ ಮಾತು ಹೋಗುತ್ತದೆ. ಗ್ರಾಹಕರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು ಆ ಹುದ್ದೆಗೆ ಬೇಕಿದ್ದರೆ ಅದನ್ನು ಬೇರೆಯಾಗಿ ನೋಡಬಹುದು, ಆರು ತಿಂಗಳಲ್ಲಿ ಕಲಿಸಲೂಬಹುದು.

ಅಭ್ಯರ್ಥಿಯನ್ನು ಬೆಂಗಳೂರಿಗೆ ಕರೆಸುವುದು ಇನ್ನೊಂದು ಅಭ್ಯಾಸ. ಕಲಬುರಗಿಯಿಂದ ರಾತ್ರಿಯಿಡೀ ಕೂತು ಬಂದು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಹತ್ತು ನಿಮಿಷದ ಸಂದರ್ಶನಕ್ಕೆ ನಾಲ್ಕು ಗಂಟೆ ಕಾದವರು ಆ ಕಂಪನಿಯ ಬಗ್ಗೆ ಹಾಸ್ಟೆಲಿನಲ್ಲಿ ಏನು ಹೇಳುತ್ತಾರೆ ಎಂದು ಊಹಿಸಿಕೊಳ್ಳಿ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹುಡುಗಿಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣವಾದರೂ ಉಚಿತ. ಹುಡುಗರ ಬಸ್ ಚಾರ್ಜು ಕೊಡುವುದು ಕಂಪನಿಗೆ ಭಾರವಾಗದು. ಅದಕ್ಕಿಂತ ಒಳ್ಳೆಯದು, ಮೊದಲ ಸುತ್ತನ್ನು ವಿಡಿಯೊ ಕರೆಯಲ್ಲಿ ಮುಗಿಸಿ, ಎರಡನೆಯದಕ್ಕೆ ನೀವೇ ಕಲಬುರಗಿಗೆ ಹೋಗುವುದು.

ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದಲ್ಲಿರುವ ಕಂಪನಿಗಳಿಗೆ ಒಂದು ಹೆಚ್ಚಿನ ಅನುಕೂಲವಿದೆ, ಅದನ್ನವರು ಬಳಸಿಕೊಳ್ಳುತ್ತಿಲ್ಲ. ಆಫರ್ ಪತ್ರ ಓದುವುದು ವಿದ್ಯಾರ್ಥಿ, ತೀರ್ಮಾನಿಸುವುದು ಮನೆ. ಅಪ್ಪ ಅಮ್ಮಂದಿರಿಗೆ ಕಂಪನಿಯ ಹೆಸರು ಗೊತ್ತಿರಬೇಕು, ಮುಂದೆ ಹೆಣ್ಣು ಕೊಡುವವರಿಗೂ ಗೊತ್ತಿರಬೇಕು. ನಗಬೇಡಿ, ಎಷ್ಟೋ ಒಳ್ಳೆಯ ಆಫರುಗಳು ಬಿದ್ದುಹೋಗುವುದು ಇಲ್ಲೇ. ಆಯ್ಕೆಯಾದವರ ಮನೆಯವರನ್ನು ಒಂದು ಶನಿವಾರ ಕಾರ್ಖಾನೆಗೆ ಕರೆದು, ಯಂತ್ರ ತೋರಿಸಿ, ಅಲ್ಲಿ ಹತ್ತು ವರ್ಷದಿಂದಿರುವವರ ಜೊತೆ ಮಾತಾಡಿಸಿ, ಕಾಫಿ ತಿಂಡಿ ಕೊಟ್ಟು ಕಳಿಸುವುದಕ್ಕೆ ಎಷ್ಟಾಗುತ್ತದೆ? ಬೆಂಗಳೂರಿನ ಮೂವತ್ತು ಸಾವಿರದಲ್ಲಿ ಬಾಡಿಗೆ, ಊಟ, ಓಡಾಟ ಕಳೆದು ಉಳಿಯುವುದೆಷ್ಟು, ಮನೆಯಿಂದ ಬಂದುಹೋಗುವ ಇಪ್ಪತ್ತೆರಡು ಸಾವಿರದಲ್ಲಿ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ತಾಯಂದಿರು ನಿಮಗಿಂತ ಮೊದಲೇ ಮುಗಿಸಿರುತ್ತಾರೆ.

ಪದವಿಯವರೆಗೆ ಕಾಯುವುದೇ ಬೇಡ ಎಂದವರೂ ಇದ್ದಾರೆ. ಶ್ರೀಧರ್ ವೆಂಬು ಅವರ ಜೋಹೊ ಕಂಪನಿ 2005ರ ಸುಮಾರಿಗೆ ಪಿಯುಸಿ, ಡಿಪ್ಲೊಮಾ ಮುಗಿಸಿದವರಿಗಾಗಿ ತನ್ನದೇ ಶಾಲೆ ತೆರೆಯಿತು. ಶುಲ್ಕವಿಲ್ಲ, ಎದುರಾಗಿ ಸ್ಟೈಪೆಂಡ್. ತಮಿಳುನಾಡಿನ ತೆಂಕಾಶಿಯಂಥ ಊರಲ್ಲೇ ಕಚೇರಿ ಮಾಡಿ ಆಸುಪಾಸಿನ ಹುಡುಗರನ್ನು ಅಲ್ಲಿಯೇ ಇಟ್ಟುಕೊಂಡರು. ನಮ್ಮ ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಆರಿಸಿಕೊಂಡು ಮೂರು ವರ್ಷ ಊಟ ವಸತಿ ಸಮೇತ ಕಲಿಸುತ್ತದೆ. ಇವೆರಡೂ ಅಗ್ಗದ ದಾರಿಗಳಲ್ಲ, ಐವತ್ತು ಜನರ ಕಂಪನಿಯ ಕೈಗೆ ಎಟುಕುವಂಥವೂ ಅಲ್ಲ. ಆದರೆ ಒಂದು ಕೈಗಾರಿಕಾ ಪ್ರದೇಶದ ಹತ್ತು ಕಂಪನಿಗಳು ಸೇರಿ ಹತ್ತಿರದ ಪಾಲಿಟೆಕ್ನಿಕ್ಕಿನ ಒಂದು ಲ್ಯಾಬನ್ನು ತಮ್ಮದೆಂದುಕೊಂಡು ನೋಡಿಕೊಂಡರೆ ಅದೇ ಕೆಲಸದ ಸಣ್ಣ ರೂಪವಾಗುತ್ತದೆ. ಆ ಹತ್ತು ಮಾಲೀಕರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಹುಡುಗರನ್ನು ಹುಡುಕುವುದಕ್ಕಿಂತ ಕಷ್ಟ ಎಂದು ಬಲ್ಲವರು ಹೇಳುತ್ತಾರೆ.

ಇಷ್ಟೆಲ್ಲ ಮಾಡಿ ಕರೆತಂದವರು ಮೊದಲ ವರ್ಷ ಏನು ಕಂಡರು ಎನ್ನುವುದು ಮುಂದಿನ ವರ್ಷದ ಜಾಹೀರಾತು. ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಮ್ಮ ಸೀನಿಯರ್ ಅಲ್ಲಿದ್ದಾರೆ, ಕೇಳಿ ಹೇಳ್ತೀನಿ’ ಎಂಬ ಒಂದು ಸಾಲಿಗಿರುವ ಬೆಲೆ ಯಾವ ಪೋಸ್ಟರಿಗೂ ಇಲ್ಲ. ಹೋದ ವರ್ಷ ಸೇರಿದವರನ್ನೇ ಅವರ ಕಾಲೇಜಿಗೆ ಕಳಿಸಿ, ಜೊತೆಗೆ ಮ್ಯಾನೇಜರನ್ನು ಕಳಿಸಬೇಡಿ. ಮಕ್ಕಳು ನಿಜವಾದ ಪ್ರಶ್ನೆ ಕೇಳುವುದು ಮ್ಯಾನೇಜರ್ ಇಲ್ಲದಾಗ. ಆಯ್ಕೆಯಾಗದವರಿಗೆ ಯಾಕೆ ಆಗಲಿಲ್ಲ ಎಂದು ಎರಡು ಸಾಲು ಬರೆಯುವ ಕಂಪನಿ ನೂರರಲ್ಲಿ ಒಂದೂ ಇರಲಿಕ್ಕಿಲ್ಲ. ಆ ಎರಡು ಸಾಲಿನ ಫಲ ಎರಡು ವರ್ಷ ಬಿಟ್ಟು ಬರುತ್ತದೆ. ಅದೇ ಹುಡುಗಿ ಬೇರೆಲ್ಲೋ ಕಲಿತು, ಕೆಲಸ ಬದಲಿಸುವ ಹೊತ್ತಿಗೆ ನಿಮ್ಮನ್ನು ನೆನೆಸಿಕೊಳ್ಳುತ್ತಾಳೆ.

ಬಾಂಡ್ ಬರೆಸಿಕೊಳ್ಳುವ ಚಾಳಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ನಿಗದಿತ ಅವಧಿಗೆ ಮೊದಲೇ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತು ತನ್ನಷ್ಟಕ್ಕೆ ಕಾನೂನುಬಾಹಿರವಲ್ಲ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿತು. ಅದು ಸಾರ್ವಜನಿಕ ವಲಯದ ಬ್ಯಾಂಕಾಗಿತ್ತು, ದೇಶಮಟ್ಟದ ಆಯ್ಕೆ ಪ್ರಕ್ರಿಯೆ ನಡೆಸಿ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತಿತ್ತು. ಅದನ್ನೇ ತೋರಿಸಿ ಹದಿನೆಂಟು ಸಾವಿರ ಸಂಬಳದ ಹುಡುಗನ ಅಸಲಿ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಬೀಗ ಹಾಕಿಡುವವರಿದ್ದಾರೆ. ಹಾಗೆ ಮಾಡಿದವರಿಗೆ ಅವನು ಎರಡು ವರ್ಷ ಸಿಗಬಹುದು, ಅವನ ಕಾಲೇಜು ಮತ್ತೆ ಸಿಗುವುದಿಲ್ಲ. ಬಾಂಡಿನ ಜಾಗದಲ್ಲಿ ಮೊದಲ ದಿನವೇ ಒಂದು ಹಾಳೆ ಕೊಡಬಹುದು. ಆರು ತಿಂಗಳಿಗೆ ಯಾವ ಯಂತ್ರ ಕಲಿಯುತ್ತೀರಿ, ಒಂದು ವರ್ಷಕ್ಕೆ ಯಾವ ಗ್ರಾಹಕರ ಕೆಲಸ ನಿಮ್ಮ ಕೈಗೆ ಬರುತ್ತದೆ, ಎರಡನೇ ವರ್ಷದ ಸಂಬಳ ಎಷ್ಟು, ಇಷ್ಟನ್ನು ಬರೆದು ಮಾಲೀಕರು ಸಹಿ ಹಾಕಿದ ಹಾಳೆ.